ಇಲಿಗೆ ಕೊಟ್ಟ ಹಲ್ಲು

ನಮ್ಮ ಮನೆಯಲ್ಲಿ ಒಂದು ತಿಂಗಳಿಂದ ಎರಡೇ ಎರಡು ವಿಷಯಕ್ಕೆ ಜಗಳ. ಒಂದು, ಹಿತ್ತಲಿನಲ್ಲಿ ಬಟ್ಟೆ ಒಗೆಯುವ ಕಲ್ಲಿನ ಕೆಳಗೆ ಬಿಲ ತೋಡಿಕೊಂಡಿರುವ ಹೆಗ್ಗಣ. ಇನ್ನೊಂದು, ಅಡುಗೆಮನೆಯ ಕಿಟಕಿಯಲ್ಲಿ ಪಿಂಗಾಣಿ ಬಟ್ಟಲಿನ ನೀರಿನಲ್ಲಿ ಮುಳುಗಿ ಕುಳಿತಿರುವ ನನ್ನ ಹೊಸ ಹಲ್ಲಿನ ಸೆಟ್ಟು. ಹೆಗ್ಗಣ ಹೊರಗೆ ಹೋಗಬೇಕು, ಹಲ್ಲು ಒಳಗೆ ಹೋಗಬೇಕು ಎನ್ನುವುದು ನಮ್ಮ ಯಜಮಾನರ ವಾದ. ನಾನು ಎರಡಕ್ಕೂ ನಾಳೆ, ನಾಡಿದ್ದು ಎಂದು ದಿನ ತಳ್ಳುತ್ತಿದ್ದೇನೆ.

ಇವರು ಜೀವನವಿಡೀ ಕಾಲುವೆ ಕಟ್ಟಿಸಿದ ಎಂಜಿನಿಯರು. ನಿವೃತ್ತರಾಗಿ ಹನ್ನೆರಡು ವರ್ಷವಾದರೂ ತಮ್ಮ ಅಪ್ಪಣೆಯಿಲ್ಲದೆ ಯಾರಾದರೂ ನೆಲ ಅಗೆದರೆ ಸಹಿಸುವುದಿಲ್ಲ. ವಿದ್ಯಾನಗರದ ನಮ್ಮ ಓಣಿಯಲ್ಲಿ ಕೇಬಲ್ ಹಾಕುವವರು ಗುಂಡಿ ತೋಡಿದರೂ ಹೋಗಿ ನಿಂತು ಎಷ್ಟು ಅಡಿ, ಯಾವ ಕಡೆ ಇಳಿಜಾರು ಎಂದು ಕೇಳಿ ಬರುತ್ತಾರೆ. ಅಂಥವರ ಹಿತ್ತಲಿಗೇ ಬಂದು ಒಂದು ಪ್ರಾಣಿ ಸುರಂಗ ತೋಡಿದರೆ ಹೇಗಾಗಬೇಡ? ಮೊದಲು ಇಟ್ಟಂಗಿ ಚೂರು ತುಂಬಿದರು. ಹೆಗ್ಗಣ ನಲ್ಲಿಯ ಪಕ್ಕ ಬಾಗಿಲು ತೆರೆಯಿತು. ಅಲ್ಲಿ ಗಾಜು ತುಂಬಿದರು. ಅದು ಕರಿಬೇವಿನ ಗಿಡದ ಬುಡದಲ್ಲಿ ಬಂತು. ಕೊನೆಗೆ ಹಾಳೆಯ ಮೇಲೆ ಹಿತ್ತಲಿನ ನಕ್ಷೆ ಬರೆದು, ಬಿಲದ ದಾರಿಗಳನ್ನು ಕೆಂಪು ಪೆನ್ನಿನಲ್ಲಿ ಗುರುತಿಸಿದರು. ಬರೆದು ಮುಗಿಸಿ ಬಹಳ ಹೊತ್ತು ಅದನ್ನೇ ನೋಡಿದರು.

“ಇಲ್ಲೆ ನೋಡ. ನೀರ ಬಂದ್ರ ಒಳಗ ನಿಲ್ಲಬಾರ್ದು ಅಂತ ಇಲ್ಲೆ ಏರಿಸೇತಿ. ನಮ್ಮ ಕಾಂಟ್ರಾಕ್ಟರಗ ಇಷ್ಟ ತಿಳೀತಿದ್ದಿಲ್ಲ” ಎಂದರು.

ಬೈಗುಳವೋ ಹೊಗಳಿಕೆಯೋ ಹೇಳುವುದು ಕಷ್ಟ. ಇವರ ಮಾತು ಯಾವಾಗಲೂ ಹಾಗೆ, ಇದ್ದದ್ದು ಇದ್ದ ಹಾಗೆ. ಮದುವೆಯಾದ ಹೊಸತರಲ್ಲಿ ನಾನು ಮಾಡಿದ ಮೊದಲ ಹೋಳಿಗೆ ಹೇಗಿದೆ ಎಂದು ಕೇಳಿದ್ದಕ್ಕೆ “ದಪ್ಪ ಆಗೇತಿ, ಹೂರಣ ಕಡಿಮಿ” ಎಂದ ಮನುಷ್ಯ. ಸುಳ್ಳು ಹೇಳಲು ಬಾರದ ಗಂಡನ ಜೊತೆ ಬಾಳುವ ಕಷ್ಟ ಏನೆಂದು ಅನುಭವಿಸಿದವರಿಗಷ್ಟೇ ಗೊತ್ತು.

ನಡುವೆ ಒಂದು ವಾರ ಇವರು ಪಕ್ಕದ ಖಾಲಿ ಪ್ಲಾಟಿನ ಮುಂಗುಸಿಯ ಮೇಲೆ ಭಾರ ಹಾಕಿ ಕುಳಿತರು. ಮುಂಗುಸಿ ಒಂದು ದಿನ ಬಂದದ್ದೂ ನಿಜ. ಬಿಲದ ಬಾಯಿಯವರೆಗೆ ಹೋಗಿ, ಮೂಸಿ, ನಮ್ಮ ಕಡೆ ಒಮ್ಮೆ ತಿರುಗಿ ನೋಡಿ, ಕಾಂಪೌಂಡು ಹತ್ತಿ ಹೋಯಿತು. ಬೆಳಿಗ್ಗೆ ಎದ್ದು ಮುಂಗುಸಿ ನೋಡಿದರೆ ಒಳ್ಳೆಯದಾಗುತ್ತದೆ ಎನ್ನುತ್ತಾರಲ್ಲ, ಅಂದು ಒಳ್ಳೆಯದಾದದ್ದು ಹೆಗ್ಗಣಕ್ಕೆ. ಮರುದಿನ ಇವರು ಒಂದು ಚೀಲ ಸಿಮೆಂಟು ತರಿಸಿದರು. ಭಾನುವಾರ ಎಲ್ಲ ಬಾಯಿಗಳನ್ನೂ ಒಟ್ಟಿಗೆ ಮುಚ್ಚುವುದೆಂದು ನಿರ್ಧಾರವಾಯಿತು.

ಇನ್ನು ನನ್ನ ಹಲ್ಲಿನ ವಿಷಯ. ವಿದ್ಯಾನಗರದಲ್ಲಿ ಕಿರಾಣಿ ಅಂಗಡಿಗಳಿಗಿಂತ ಹಲ್ಲಿನ ದವಾಖಾನೆಗಳೇ ಹೆಚ್ಚು. ಅದರಲ್ಲೊಂದರಲ್ಲಿ ನನ್ನ ಅಳಿದುಳಿದ ಹಲ್ಲುಗಳನ್ನು ಕಿತ್ತು, ಅಳತೆ ತೆಗೆದು, ಮುತ್ತಿನಂಥ ಸೆಟ್ಟು ಮಾಡಿಕೊಟ್ಟರು. ಒತ್ತುವುದಿಲ್ಲ, ಚುಚ್ಚುವುದಿಲ್ಲ, ಅಳತೆ ಸರಿಯಾಗಿಯೇ ಇದೆ. ಆದರೂ ಹಾಕಿಕೊಂಡು ಕನ್ನಡಿಯ ಮುಂದೆ ನಿಂತರೆ ಎದೆಯಲ್ಲಿ ಏನೋ ಕಳ್ಳತನ ಮಾಡಿದ ಹಾಗಾಗುತ್ತದೆ. ತೆಗೆದು ಬಟ್ಟಲಿಗೆ ಹಾಕಿಬಿಡುತ್ತೇನೆ. ಮಗಳು ಫೋನು ಮಾಡಿದಾಗ ನನ್ನ ಮಾತು ಅರ್ಧ ಗಾಳಿಯಾಗಿ ಹೋಗುತ್ತದೆ. “ಅವ್ವಾ, ಹಲ್ಲ ಹಾಕ್ಕೊಂಡು ಮಾತಾಡ” ಎಂದು ಅವಳು ರೇಗುತ್ತಾಳೆ. ಯಾಕೆ ಹಾಕಿಕೊಳ್ಳುವುದಿಲ್ಲ ಎಂದು ಯಾರಿಗೂ ಹೇಳಿರಲಿಲ್ಲ. ಹೇಳಬೇಕಾದರೆ ನನ್ನ ತವರೂರು ಅಮ್ಮಿನಬಾವಿಗೆ ಹೋಗಬೇಕು, ಅದೂ ನನಗೆ ಏಳು ವರ್ಷವಾಗಿದ್ದ ಕಾಲದ ಅಮ್ಮಿನಬಾವಿಗೆ.

ನಮ್ಮ ಕಡೆ ಹೆತ್ತವಳು ಅವ್ವ, ಅಪ್ಪನ ತಾಯಿ ಅಮ್ಮ. ನಮ್ಮ ಅಮ್ಮನಿಗೆ ಅಷ್ಟೊತ್ತಿಗೆ ಬಾಯಲ್ಲಿ ಒಂದೂ ಹಲ್ಲು ಉಳಿದಿರಲಿಲ್ಲ. ಆದರೆ ರುಚಿ ಮಾತ್ರ ಹರೆಯದ್ದು. ಕಟಕಟ ಎನ್ನುವ ಸಜ್ಜೆ ರೊಟ್ಟಿ, ಹುರಿಗಡಲೆ, ಎಲ್ಲಕ್ಕಿಂತ ಹೆಚ್ಚಾಗಿ ಸೀತನಿ. ಎಳೆ ಜೋಳದ ತೆನೆಯನ್ನು ಹೊಲದಲ್ಲೇ ಸಗಣಿ ಕುಳ್ಳಿನ ಬೆಂಕಿಯಲ್ಲಿ ಸುಟ್ಟು, ಬಡಿದು, ಬಿಸಿ ಬಿಸಿ ಕಾಳನ್ನು ಬೆಲ್ಲದ ಜೊತೆಗೋ ಶೇಂಗಾ ಚಟ್ನಿಯ ಜೊತೆಗೋ ಬಾಯಿಗೆ ಎಸೆದುಕೊಳ್ಳುವುದು. ಅದನ್ನು ತಿಂದವರಿಗೆ ನಾನು ವಿವರಿಸಬೇಕಿಲ್ಲ, ತಿನ್ನದವರಿಗೆ ವಿವರಿಸಿ ಪ್ರಯೋಜನವಿಲ್ಲ. ಅಮ್ಮ ನಾಲ್ಕು ವರ್ಷದಿಂದ ಸೀತನಿ ಅಗಿದಿರಲಿಲ್ಲ. ಎಲ್ಲರೂ ತಿನ್ನುವಾಗ ಅವಳು ಕುಟ್ಟಾಣಿಯಲ್ಲಿ ಕಾಳು ಕುಟ್ಟಿಕೊಂಡು ಚಪ್ಪರಿಸುತ್ತಿದ್ದಳು. “ಕುಟ್ಟಿದ್ರ ಸೀತನಿ ಅಲ್ಲ ಅದು, ಹಿಟ್ಟು” ಎಂದು ತಾನೇ ಅನ್ನುತ್ತಿದ್ದಳು.

ಅಪ್ಪನಿಗೆ ಅದನ್ನು ನೋಡಲಾಗಲಿಲ್ಲ. ಒಂದು ವರ್ಷ ದಸರೆ ಮುಗಿಯುತ್ತಲೇ ಅಮ್ಮನನ್ನು ಧಾರವಾಡಕ್ಕೆ ಕರೆದುಕೊಂಡು ಹೋಗಿ ಹಲ್ಲಿನ ಸೆಟ್ಟು ಮಾಡಿಸಿದ. ಸೀತನಿ ಹೊತ್ತಿಗೆ ಅಮ್ಮ ಅಗಿಯಬೇಕು ಎನ್ನುವುದೇ ಅವನ ಹಟ. ಊರಲ್ಲಿ ಅಂಥ ಹಲ್ಲು ಅದೇ ಮೊದಲು. ಜನ ನೋಡಲು ಬಂದರು. ಅಮ್ಮ ಬಂದವರ ಮುಂದೆ ಹಾಕಿಕೊಂಡು ಮಾತಾಡುವಳು, ಊಟಕ್ಕೆ ಕುಳಿತಾಗ ತೆಗೆದಿಡುವಳು. ಎಲ್ಲರೂ ಅಗಿಯಲಿಕ್ಕೆ ಹಲ್ಲು ಹಾಕಿಕೊಂಡರೆ ನಮ್ಮಮ್ಮ ತೋರಿಸಲಿಕ್ಕೆ ಹಾಕಿಕೊಂಡಳು.

“ಒತ್ತತಾವಪಾ. ನನ್ನ ಬಾಯಾಗ ಯಾರ್ದೋ ಹಲ್ಲ ಬಂದು ಕುಂತಂಗ ಆಗೇತಿ” ಎಂದು ಅಪ್ಪನಿಗೆ ಹೇಳುವಳು.

“ರೂಢಿ ಆಕ್ಕತಿ ಬೇ. ಸೀತನಿ ಹೊತ್ತಿಗೆ ಎಲ್ಲಾ ಛಲೋ ಆಕ್ಕತಿ” ಎನ್ನುವನು ಅಪ್ಪ.

ನಾನು ಇದನ್ನೆಲ್ಲ ಕೇಳುತ್ತಿದ್ದೆ. ನನಗೆ ಆಗ ಹಲ್ಲಿನ ವಿಷಯದಲ್ಲಿ ನನ್ನದೇ ಆದ ತಿಳಿವಳಿಕೆ ಇತ್ತು. ದಸರೆಗೆ ಮುಂಚಿನ ಬೇಸಿಗೆಯಲ್ಲೇ ನನ್ನ ಮುಂದಿನ ಹಲ್ಲು ಬಿದ್ದಿತ್ತು. ಹಾಲುಹಲ್ಲು ಬಿದ್ದರೆ ಅದನ್ನು ಹತ್ತಿಯಲ್ಲಿ ಸುತ್ತಿ ಇಲಿಯ ಬಿಲಕ್ಕೆ ಹಾಕಬೇಕು, “ಇಲಿಯಪ್ಪಾ, ನನ್ನ ಹಳೀ ಹಲ್ಲ ನೀ ತಗೋ, ನಿನ್ನ ಹೊಸಾ ಹಲ್ಲ ನನಗ ಕೊಡು” ಎನ್ನಬೇಕು. ಹಾಗೆಂದು ಕಲಿಸಿದವಳು ಅಮ್ಮನೇ. ಕೆಲವರು ಮಾಳಿಗೆಯ ಮೇಲೆ ಎಸೆಯುತ್ತಾರೆ. ನಮ್ಮ ಮನೆಯಲ್ಲಿ ಬಿಲವೇ. ದನಗಳಿಗೆ ಮೇವು ಹಾಕುವ ಗ್ವಾದಲಿಯ ಬುಡದಲ್ಲಿ ಒಂದು ಬಿಲ, ಅಂಗೈ ಹೋಗುವಷ್ಟು ಬಾಯಿ, ಮುಂದೆ ಹೊಸ ಮಣ್ಣಿನ ಗುಡ್ಡೆ. ಹಾಕಿದೆ. ಎರಡು ತಿಂಗಳಿಗೆ ಹೊಸ ಹಲ್ಲು ಬಂತು, ಹಳೆಯದಕ್ಕಿಂತ ದೊಡ್ಡದು, ಅಂಚಿನಲ್ಲಿ ಗರಗಸದ ಹಾಗೆ. ಇಲಿ ಮಾತಿಗೆ ತಪ್ಪಿರಲಿಲ್ಲ.

ಇಲಿಯ ಮೇಲೆ ನಮ್ಮೂರಿನವರಿಗೆ ದ್ವೇಷವಿತ್ತು ಎಂದು ತಿಳಿಯಬೇಡಿ. ಬಯ್ಯುತ್ತಿದ್ದರು, ಅಷ್ಟೆ. ನಿಜ ಹೇಳಬೇಕೆಂದರೆ ಅವೂ ನಾವೂ ಒಂದೇ ಕಸುಬಿನವರು. ಪಡಸಾಲೆಯಲ್ಲಿ ನೆಲ ಅಗೆದು ಹಗೇವು ಮಾಡಿ, ಆಳೆತ್ತರದ ಆ ಕುಣಿಯೊಳಗೆ ವರ್ಷದ ಜೋಳ ತುಂಬಿ, ಮೇಲೆ ಕಲ್ಲು ಮುಚ್ಚಿ, ಮಣ್ಣು ಬಳಿದು, ಅದರ ಮೇಲೆಯೇ ಹಾಸಿಕೊಂಡು ಮಲಗುವವರು ನಾವು. ಹೊಲದಲ್ಲಿ ಎರೆಮಣ್ಣು ಬಿರುಕು ಬಿಟ್ಟಲ್ಲಿ ಒಳಗಿಳಿದು, ತೆನೆ ಕಡಿದು ತಂದು ಸಾಲಾಗಿ ಜೋಡಿಸಿಕೊಂಡು ಮಲಗುವವು ಅವು. ಮುಂದೆ ನಾನು ಸಾಲೆಯಲ್ಲಿ ಮೂವತ್ತು ವರ್ಷ ಭೂಗೋಳ ಕಲಿಸಿದೆ. ಎರೆಮಣ್ಣಿನ ಪಾಠ ಬಂದಾಗಲೆಲ್ಲ ಪುಸ್ತಕದಲ್ಲಿದ್ದುದು ಎರಡು ನಿಮಿಷಕ್ಕೆ ಮುಗಿದು, ಉಳಿದ ಹೊತ್ತೆಲ್ಲ ಇಲಿಯ ಬಿಲದಲ್ಲಿ ಕಳೆಯುತ್ತಿತ್ತು. ಪರೀಕ್ಷೆಯಲ್ಲಿ ಒಬ್ಬ ಹುಡುಗಿ ಎರೆಮಣ್ಣಿನ ಉಪಯೋಗ ಎಂಬಲ್ಲಿ ‘ಇಲಿಗಳಿಗೆ ಮನೆ ಕಟ್ಟುವ ಖರ್ಚು ಉಳಿಯುತ್ತದೆ’ ಎಂದು ಬರೆದಿದ್ದಳು. ಅಂಕ ಕೊಟ್ಟೆ.

ಎಲ್ಲಿದ್ದೆ? ಹಾಂ, ಅಮ್ಮನ ಹಲ್ಲು. ನನ್ನ ಎರಡನೆಯ ಹಲ್ಲು ಬಿದ್ದದ್ದು ಸೀತನಿಗೆ ಇನ್ನೂ ಒಂದು ತಿಂಗಳು ಇದ್ದಾಗ. ಬೆಳಿಗ್ಗೆ ಬಿತ್ತು. ಅದನ್ನು ಹತ್ತಿಯಲ್ಲಿ ಸುತ್ತಿಕೊಂಡು ಗ್ವಾದಲಿಯ ಕಡೆ ಹೊರಟವಳಿಗೆ ಗೋಡೆಯ ಮಾಡದಲ್ಲಿ ಅಮ್ಮ ಸೆಟ್ಟು ತೆಗೆದಿಡುತ್ತಿದ್ದ ಪಿಂಗಾಣಿ ಬಟ್ಟಲು ಕಣ್ಣಿಗೆ ಬಿತ್ತು. ಅಮ್ಮ ಹಿತ್ತಲಿನಲ್ಲಿದ್ದಳು. ನನಗೆ ಆಗ ಅನಿಸಿದ್ದು ಇಷ್ಟೇ. ಒಂದು ಹಲ್ಲಿಗೆ ಒಂದು ಹಲ್ಲು ಕೊಡುವ ಇಲಿ, ಇಡೀ ಸೆಟ್ಟಿಗೆ ಇಡೀ ಬಾಯಿ ಹಲ್ಲು ಕೊಡದೆ ಇರುತ್ತದೆಯೇ? ಅದೂ ಅಮ್ಮನದೇ ಹಲ್ಲು, ಒತ್ತದೆ ಇರುವಂಥವು. ಸೀತನಿ ಹೊತ್ತಿಗೆ ಬಂದರೂ ಸಾಕು. ಸೆಟ್ಟು ದೊಡ್ಡದು, ಸುತ್ತುವಷ್ಟು ಹತ್ತಿ ಇರಲಿಲ್ಲ. ಹಾಗೇ ಬಿಲದೊಳಗೆ ತೂರಿಸಿ, ಮೊಣಕೈಯವರೆಗೆ ತಳ್ಳಿ, ಹಿಂದಿನಿಂದ ನನ್ನ ಹಲ್ಲನ್ನೂ ಹಾಕಿ, ಹೇಳಬೇಕಾದದ್ದನ್ನು ಎರಡು ಸಲ ಹೇಳಿದೆ, ಒಮ್ಮೆ ನನ್ನ ಹೆಸರಲ್ಲಿ, ಒಮ್ಮೆ ಅಮ್ಮನ ಹೆಸರಲ್ಲಿ.

ಆಮೇಲೆ ಮನೆಯಲ್ಲಿ ನಡೆದ ಹುಡುಕಾಟ ಕೇಳಬೇಡಿ. ಅಪ್ಪ ನಾಯಿಯ ಬಾಯಿ ತೆರೆದು ನೋಡಿದ. ಅವ್ವ ಹಾಸಿಗೆ ಕೊಡವಿದಳು, ಡಬ್ಬಿಯ ಹಿಟ್ಟು ಸಾಣಿಸಿದಳು, ಕೊನೆಗೆ ಅಂಜುತ್ತಾ, “ಅತ್ತೀ, ನಿದ್ದಿಗಣ್ಣಾಗ ನುಂಗಿಲ್ಲ ಅಲ್ರೀ?” ಎಂದು ಕೇಳಿದಳು. “ಅಗಿಯಾಕ ಬರ್ಲಾರದ್ದನ್ನ ನುಂಗತೇನೇನ?” ಎಂದಳು ಅಮ್ಮ. ಹಲ್ಲು ತೆಗೆದವರು ಸಿಕ್ಕರೆ ತೊಗಲು ಸುಲಿಯುತ್ತೇನೆ ಎಂದು ಅಪ್ಪ ಕೂಗಾಡಿದ. ನಾನು ತುಟಿ ಬಿಚ್ಚಲಿಲ್ಲ. ತೊಗಲಿನ ಹೆದರಿಕೆ ಒಂದು ಕಡೆ, ಹೊಸ ಹಲ್ಲು ಬಂದ ದಿನ ಎಲ್ಲರಿಗೂ ಒಟ್ಟಿಗೆ ತಿಳಿಯಲಿ ಎನ್ನುವ ಹಿಗ್ಗು ಇನ್ನೊಂದು ಕಡೆ.

ದಿನಾ ಬೆಳಿಗ್ಗೆ ಅಮ್ಮನ ಮುಂದೆ ಕುಳಿತು ಬಾಯಿ ತೆರೆಸಿ ನೋಡತೊಡಗಿದೆ. ಮೂರು ದಿನ ತೋರಿಸಿದ ಅಮ್ಮ ನಾಲ್ಕನೆಯ ದಿನ ನನ್ನ ಕೈ ಹಿಡಿದಳು.

“ಖರೇ ಹೇಳ. ನನ್ನ ಬಾಯಾಗ ಏನ ಹುಡುಕಾಕತ್ತೀ?”

ಹೇಳಿದೆ. ಇಲಿ, ಬಿಲ, ಎರಡು ಸಲ ಹೇಳಿದ ಮಾತು, ಎಲ್ಲ. ಅಮ್ಮ ಸೆರಗು ಬಾಯಿಗೆ ಒತ್ತಿಕೊಂಡಳು. ಅಳುತ್ತಾಳೆಂದುಕೊಂಡೆ. ಮೈಯೆಲ್ಲ ಕುಲುಕಿ ನಗುತ್ತಿದ್ದಳು.

“ಹಂಗಾರ ಕಾಯೂಣು. ಮುದುಕಿ ಹಲ್ಲ ನೋಡವಾ, ಇಲಿಗೂ ಹುಡುಕಾಕ ಹೊತ್ತ ಹಿಡಿತೈತಿ. ನಿಮ್ಮಪ್ಪನ ಮುಂದ ಹೇಳಬ್ಯಾಡ” ಎಂದಳು.

ಸೀತನಿ ಬಂತು. ಚಕ್ಕಡಿ ಕಟ್ಟಿಕೊಂಡು ಹೊಲಕ್ಕೆ ಹೋದೆವು. ಬೆಂಕಿಯ ಸುತ್ತ ಎಲ್ಲರೂ ಕೈ ಕರಿ, ಬಾಯಿ ಕರಿ ಮಾಡಿಕೊಂಡು ತಿಂದೆವು. ಅಮ್ಮ ಸೀರೆಯ ಗಂಟಿನಿಂದ ಕುಟ್ಟಾಣಿ ತೆಗೆದಳು. ಅಪ್ಪ ಮುಖ ಆ ಕಡೆ ತಿರುಗಿಸಿಕೊಂಡ. ನಾನು ಓಡಿ ಹೋಗಿ ಅವಳ ಬಾಯಿಗೆ ಬೆರಳು ಹಾಕಿದೆ. ಅಮ್ಮ ನನ್ನ ಬೆರಳನ್ನು ಒಸಡಿನ ಮೇಲೆ ಸರಿಸಿ, “ಇಲ್ಲೆ ನೋಡ, ಏನೋ ಚುಚ್ಚಾಕತ್ತೇತಿ. ಬಂದೀತು” ಎಂದಳು. ನನಗೂ ಚುಚ್ಚಿದ ಹಾಗೇ ಆಯಿತು. ನಿಜವಾಗಿಯೂ ಆಯಿತು.

ಮತ್ತೊಂದು ಸೆಟ್ಟು ಮಾಡಿಸೋಣ ಎಂದು ಅಪ್ಪ ಎಷ್ಟು ಸಲ ಹೇಳಿದರೂ ಅಮ್ಮ ಒಲ್ಲೆ ಎಂದಳು. ವರ್ಷಗಳು ಕಳೆದವು. ನಾನು ಬೆಳೆದೆ. ಯಾವ ದಿನ ಎಂದು ಹೇಳಲಾರೆ, ಆದರೆ ಒಂದು ದಿನ ತಟ್ಟನೆ ತಿಳಿಯಿತು, ಅಮ್ಮನಿಗೆ ಹಲ್ಲು ಬರುವುದಿಲ್ಲ, ನಾನು ಅವಳ ಬಾಯಿ ಕಸಿದಿದ್ದೇನೆ. ಅಂದಿನಿಂದ ಸೀತನಿ ಹೊತ್ತಿಗೆ ಹೊಲಕ್ಕೆ ಹೋಗದಿರಲು ನೆವ ಹುಡುಕುತ್ತಿದ್ದೆ. ಕ್ಷಮಿಸು ಎಂದು ಕೇಳಲು ಬಾಯಿ ಬರಲಿಲ್ಲ. ಅವಳೂ ಆ ಮಾತು ಎತ್ತಲಿಲ್ಲ.

ನಾನು ಧಾರವಾಡದಲ್ಲಿ ಕಾಲೇಜು ಓದುವಾಗ ಅಮ್ಮ ಹೋದಳು. ಕೆಲವು ದಿನದ ಮೇಲೆ ಅವ್ವ ಅವಳ ಟ್ರಂಕು ತೆಗೆದಳು. ಎರಡು ಇಳಕಲ್ಲ ಸೀರೆ, ವಿಭೂತಿ ಗಟ್ಟಿ, ತಳದಲ್ಲಿ ಹಳೆಯ ಕುಪ್ಪಸದ ಖಣದಿಂದ ಹೊಲಿದ ಒಂದು ಚೀಲ. ಬಿಚ್ಚಿದರೆ ಹತ್ತಿ. ಹತ್ತಿಯೊಳಗೆ ಹಲ್ಲಿನ ಸೆಟ್ಟು. ಅದರ ಗುಲಾಬಿ ಅಂಚಿನಲ್ಲಿ ಸಣ್ಣ ಸಣ್ಣ ಕಡಿತದ ಗುರುತು. ಜೊತೆಗೆ ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡವು, ಎರಡು ಹಾಲುಹಲ್ಲು.

ಅವ್ವನಿಗೆ ಏನೂ ಅರ್ಥವಾಗಲಿಲ್ಲ. ಮಾತನಾಡಿಸಲು ಬಂದು ಕಟ್ಟೆಯ ಮೇಲೆ ಕುಳಿತಿದ್ದ ಇಮಾಮಸಾಬ ಕಾಕಾನಿಗೆ ಅರ್ಥವಾಯಿತು. ಪಿಂಜಾರರ ಕಾಕಾ, ವರ್ಷಕ್ಕೊಮ್ಮೆ ಕಮಾನು ಹೊತ್ತು ಬಂದು ನಮ್ಮ ಅಂಗಳದಲ್ಲೇ ಹತ್ತಿ ಹಿಂಜಿ ಗಾದಿ ಹೊಲಿದುಕೊಡುತ್ತಿದ್ದ. ಚೀಲವನ್ನು ನೋಡಿದವನೇ ಕಣ್ಣು ಒರೆಸಿಕೊಂಡ.

“ಆ ವರ್ಷ ಸೀತನಿ ಮುಗದ ಮ್ಯಾಲೆ ನಾ ಹತ್ತಿ ಹಿಂಜಾಕ ಬಂದಿದ್ನೆವಾ. ಹಿಂಜಿಟ್ಟ ಹತ್ತಿ ಇಲಿ ಎಳಕೊಂಡು ಹೊಂಟಿತ್ತು. ಬಿಳೇ ಎಳಿ ಹಿಡಕೊಂಡು ಹ್ವಾದ್ರ ಗ್ವಾದಲಿ ಬುಡಕ ಬಿಲಾ. ಅಗದೆ. ಒಳಗ ನಮ್ಮ ಹತ್ತೀದ ಮೆತ್ತನ್ನ ಗಾದಿ, ಕೆಂಪನ್ನ ಮರಿ, ಬಾಜೂಕ ಅಮ್ಮಾರ ಹಲ್ಲ. ಈ ಎರಡ ಸಣ್ಣ ಹಲ್ಲ ಸೈತ ಅಲ್ಲೇ ಇದ್ದುವು.”

“ಅಮ್ಮ ನೋಡಿದ್ಲೇನು ಕಾಕಾ?”

“ಬಾಜೂಕ ಕುಂತಿದ್ರು. ಛಲೋ ಆತ್ರಿ ಅಮ್ಮಾರ, ತೊಳದು ಹಾಕ್ಕೋರಿ ಅಂದೆ. ಬ್ಯಾಡಪಾ ಅಂದ್ರು. ‘ನಾ ಹಾಕ್ಕೊಂಡ್ರ ನನ್ನ ಮಗಾ ಎಲ್ಲಿದ್ದುವು ಅಂತ ಕೇಳ್ತಾನ, ಹುಡುಗಿ ಹೊಡತಾ ತಿಂತೈತಿ. ಅದೂ ಹೋಗ್ಲಿ, ಇಲಿ ತಗೊಂಡೇ ಇಲ್ಲ ಅಂತ ಗೊತ್ತಾದ್ರ ಆ ಕೂಸಿನ ಮಾರಿ ನಾ ಹ್ಯಾಂಗ ನೋಡ್ಲಿ? ನೀ ಯಾರ ಮುಂದನೂ ಹೇಳಬ್ಯಾಡ’ ಅಂದ್ರು. ಮರೀನ ಮತ್ತ ಹತ್ತ್ಯಾಗ ಮುಚ್ಚಿಸಿ, ಮಣ್ಣ ಹಾಕಿಸಿದ್ರು.”

“ಒತ್ತತಿದ್ದುವಲ್ಲ, ಅದಕ್ಕ ಬಿಟ್ಟಾರ” ಎಂದಳು ಅವ್ವ. ಇರಬಹುದು. ಅಮ್ಮನೂ ಮನುಷ್ಯಳೇ, ನೆವ ಸಿಕ್ಕರೆ ಬಿಡುವವಳಲ್ಲ. ಆದರೆ ಟ್ರಂಕಿನ ತಳದಲ್ಲಿ ಆ ಹಲ್ಲನ್ನು ಇಟ್ಟುಕೊಂಡು ಅಮ್ಮ ಹನ್ನೊಂದು ಸೀತನಿಗಳನ್ನು ಕುಟ್ಟಾಣಿಯಲ್ಲಿ ಕುಟ್ಟಿಕೊಂಡು ತಿಂದಿದ್ದಳು. ನಾನು ಅಂದು ಆ ಚೀಲವನ್ನು ಎದೆಗೆ ಒತ್ತಿಕೊಂಡು ಅತ್ತದ್ದು ಅವಳು ಹೋದ ದಿನ ಅತ್ತದ್ದಕ್ಕಿಂತ ಹೆಚ್ಚು. ಚೀಲ ಇವತ್ತಿಗೂ ನನ್ನ ಕಪಾಟಿನಲ್ಲಿದೆ.

ಈಗ ಭಾನುವಾರಕ್ಕೆ ಬರೋಣ. ನನ್ನ ಮೊಮ್ಮಗಳು ಸಾನ್ವಿ ಶನಿವಾರವೇ ಬಂದಿದ್ದಳು. ಬೆಳಿಗ್ಗೆ ಉಪ್ಪಿಟ್ಟು ತಿನ್ನುವಾಗ ಅವಳ ಮುಂದಿನ ಹಲ್ಲು ಬಿತ್ತು. ನನ್ನ ಬಾಯಿ ನನ್ನ ಮಾತು ಕೇಳುವುದಿಲ್ಲವಲ್ಲ, ಹತ್ತಿ ತೆಗೆದುಕೊಟ್ಟು ಹೇಳುವುದನ್ನೆಲ್ಲ ಹೇಳಿಬಿಟ್ಟೆ. ಅವಳು ಒಗೆಯುವ ಕಲ್ಲಿನ ಬಳಿ ಮೊಣಕಾಲೂರಿ, ಇಲಿಯಪ್ಪನ ಬದಲು ಹೆಗ್ಗಣಪ್ಪ ಎಂದು ಕರೆದು, ಹಲ್ಲು ಹಾಕಿ ಬಂದಳು. ಅಷ್ಟರಲ್ಲಿ ಇವರು ಸಿಮೆಂಟಿನ ಪುಟ್ಟಿ ಹಿಡಿದು ಹಿತ್ತಲಿಗೆ ಬಂದರು. ಹುಡುಗಿ ಬಿಲದ ಮುಂದೆ ಎರಡೂ ಕೈ ಅಗಲಿಸಿ ನಿಂತಳು.

“ಅಜ್ಜಾ, ಮುಚ್ಚಬ್ಯಾಡ! ಅದು ಹಲ್ಲ ಹೆಂಗ ತಂದ ಕೊಡಬೇಕು?”

“ಹೆಗ್ಗಣ ಹಲ್ಲ ಕೊಡೂದಿಲ್ಲವಾ” ಎನ್ನಲು ಬಾಯಿ ತೆರೆದವರು ನನ್ನ ಮುಖ ನೋಡಿ, ಮಧ್ಯಾಹ್ನ ಊಟವಾದ ಮೇಲೆ ನೋಡೋಣ ಎಂದು ಪುಟ್ಟಿ ಕೆಳಗಿಟ್ಟರು.

ಮಧ್ಯಾಹ್ನ ಹುಡುಗಿ ಮಲಗಿದಳು. ಸಿಮೆಂಟು ಬೀಳುವ ಮೊದಲು ಆ ಹಲ್ಲನ್ನು ಹೊರತೆಗೆಯಬೇಕೆಂದು ನಾನು ಅಡುಗೆಮನೆಯ ಇಕ್ಕಳ ಹಿಡಿದು ಹಿತ್ತಲಿಗೆ ಹೋದೆ. ಅರವತ್ತೆಂಟು ವರ್ಷದ ಹೆಂಗಸು ಒದ್ದೆ ನೆಲದ ಮೇಲೆ ಬೋರಲು ಮಲಗಿ ಹೆಗ್ಗಣದ ಬಿಲಕ್ಕೆ ಇಕ್ಕಳ ಹಾಕುವುದನ್ನು ಓಣಿಯವರು ಯಾರೂ ನೋಡಲಿಲ್ಲ, ಪುಣ್ಯ. ಇವರು ನೋಡಿದರು.

“ಏನ ಮಾಡಾಕತ್ತೀ?”

ಹೇಳಿದೆ. ಹಲ್ಲಿಲ್ಲದ ಬಾಯಿ, ಮೇಲೆ ಅಳು, ಇವರಿಗೆ ಒಂದು ಮಾತೂ ತಿಳಿಯಲಿಲ್ಲ. ಒಳಗೆ ಹೋಗಿ ಬಟ್ಟಲಿನಿಂದ ಸೆಟ್ಟು ತೆಗೆದು ಹಾಕಿಕೊಂಡು, ಕಪಾಟಿನಿಂದ ಖಣದ ಚೀಲ ತಂದು, ಒಗೆಯುವ ಕಲ್ಲಿನ ಮೇಲೆ ಕುಳಿತು ಎಲ್ಲವನ್ನೂ ಹೇಳಿದೆ. ನಲವತ್ತು ವರ್ಷದ ಸಂಸಾರದಲ್ಲಿ ಇವರಿಗೆ ಹೇಳದೆ ಉಳಿಸಿಕೊಂಡಿದ್ದ ಮಾತು ಇದೊಂದೇ. ಇವರು ಚೀಲದೊಳಗೆ ಇಣುಕಿದರು, ಅಮ್ಮನ ಸೆಟ್ಟಿನ ಮೇಲಿನ ಕಡಿತದ ಗುರುತಿನ ಮೇಲೆ ಬೆರಳಾಡಿಸಿದರು. ಒಳಗೆ ಹೋಗಿ ಟಾರ್ಚು, ಬಗ್ಗಿಸಿದ ತಂತಿ, ಆ ಕೆಂಪು ಪೆನ್ನಿನ ನಕ್ಷೆ ತಂದರು.

“ಸರಿ ಅತ್ಲಾಗ. ಇಕ್ಕಳ ಮುಟ್ಟೂದಿಲ್ಲ, ಇಲ್ಲೆ ತಿರುವು ಐತಿ” ಎಂದು ತಾವೇ ಬೋರಲು ಮಲಗಿದರು.

ಮೊದಲು ಒಂದು ಸಾಬೂನಿನ ಚೂರು ಬಂತು. ಆಮೇಲೆ ಕೊಬ್ಬರಿ, ನನ್ನದೇ ಒಂದು ಕಾಲುಚೀಲ. ಅರ್ಧ ಗಂಟೆಯ ಮೇಲೆ ತಂತಿಯ ತುದಿಯಲ್ಲಿ ಮಣ್ಣಾದ ಹತ್ತಿ ಬಂತು, ಒಳಗೆ ಹಲ್ಲು. ನಾನು ತೊಳೆದು, ಒರೆಸಿ, ಚೀಲದಲ್ಲಿದ್ದ ಎರಡರ ಪಕ್ಕದಲ್ಲಿ ಇಟ್ಟು, ಚೀಲದ ಬಾಯಿ ಕಟ್ಟಿದೆ.

ಅಷ್ಟರಲ್ಲಿ ಸಾನ್ವಿ ಕಣ್ಣು ಉಜ್ಜಿಕೊಳ್ಳುತ್ತಾ ಹಿತ್ತಲಿನ ಬಾಗಿಲಿಗೆ ಬಂದಳು. ಮೊಣಕೈಗೆ ಮಣ್ಣು ಮೆತ್ತಿಕೊಂಡು ನಿಂತಿದ್ದ ಅಜ್ಜನನ್ನೂ ಬಿಲವನ್ನೂ ಒಮ್ಮೆ ನೋಡಿದಳು.

“ಅಜ್ಜಾ, ಹೆಗ್ಗಣ ನನ್ನ ಹಲ್ಲ ತಗೊಂತೇನು?”

ಇವರು ತಂತಿಯನ್ನು ಬೆನ್ನ ಹಿಂದೆ ಸರಿಸಿದರು. ನನ್ನ ಮೊದಲ ಹೋಳಿಗೆಗೂ ಸುಳ್ಳು ಹೇಳದಿದ್ದ ಮನುಷ್ಯ ಒಂದು ಸಲ ಕೆಮ್ಮಿ,

“ತಗೊಂತವಾ. ನಾನ ಕಣ್ಣಾರೆ ನೋಡೇನಿ” ಎಂದರು.